ಅತಿಮಧುರದ ಕ್ಯಾಪ್ಸೂಲ್ ಹೊಟ್ಟೆಗೆ ಹಿತ, ಆದ್ರೆ ಬಿಪಿ ಮಾತ್ರೆ ತಗೊಳ್ಳೋರು ತಿನ್ನಬಹುದಾ?

ಜಯನಗರದ ಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ, ಬಿಪಿ ಮಾತ್ರೆ ತುಂಬಾ ವರ್ಷದಿಂದ ನಡೀತಿದೆ. ರಾತ್ರಿ ಊಟ ಆದ್ಮೇಲೆ ಹೊಟ್ಟೆ ಉಬ್ಬರ, ಹುಳಿತೇಗು, ಎದೆಯುರಿ. ಪಕ್ಕದ್ಮನೆ ಆಂಟಿ ಅತಿಮಧುರದ ಕ್ಯಾಪ್ಸೂಲ್ ಚೆನ್ನಾಗಿದೆ ಅಂದ್ರು. ಅಮ್ಮ ಆನ್‌ಲೈನಲ್ಲಿ ತರಿಸ್ಕೊಂಡು ಬೆಳಿಗ್ಗೆ ಒಂದು, ರಾತ್ರಿ ಒಂದು ಶುರು ಮಾಡೇಬಿಟ್ಟಿದ್ದಾರೆ. ಹೊಟ್ಟೆ ಹಗುರ ಆಗಿದೆ ಅಂತಾರೆ, ಸುಳ್ಳು ಹೇಳೋರಲ್ಲ. ಆದ್ರೆ ಈಗೀಗ ಸಂಜೆ ಹೊತ್ತಿಗೆ ಪಾದ ಊದ್ಕೊಳ್ತಿದೆ. ಡಬ್ಬಿ ಮುಂದೆ "ಯಷ್ಟಿಮಧು (ಅಂದ್ರೆ ಅತಿಮಧುರವೇ) ಎಕ್ಸ್‌ಟ್ರಾಕ್ಟ್ 500 ಮಿ.ಗ್ರಾಂ" ಅಂತ ದಪ್ಪ ಅಕ್ಷರದಲ್ಲಿದೆ, ಅಷ್ಟೇ. ಇದಕ್ಕೂ ಊತಕ್ಕೂ ಸಂಬಂಧ ಇರಬಹುದಾ? ಬಿಪಿ ಇರೋರು ಯಾರಾದ್ರೂ ಇದನ್ನ ತಗೊಂಡಿದ್ದೀರಾ?

ಬನಶಂಕರಿ ಸೆಕೆಂಡ್ ಸ್ಟೇಜ್
ನಮ್ಮತ್ತೆ ಯಾವಾಗಿಂದ್ಲೋ ಜ್ಯೇಷ್ಠಮಧು, ಅದೇ ಅತಿಮಧುರದ ಪುಡಿ ಜೇನಲ್ಲಿ ತಗೋತಾರೆ. ಏನೂ ಆಗಿಲ್ಲ. ಕಾಲು ಊತ ವಯಸ್ಸಿಗೆ ಬರತ್ತೆ ಬಿಡಿ.

ರಾಜಾಜಿನಗರ ಮೆಡಿಕಲ್ಸ್
ಬಿಡಿ ಅನ್ನೋ ವಿಷಯ ಅಲ್ಲ ಮೇಡಂ. ನಾನು ಔಷಧಿ ಅಂಗಡಿ ನಡೆಸೋನು. ಬಿಪಿ ಇರೋರು, ಅತಿಮಧುರ, ಹೊಸದಾಗಿ ಪಾದ ಊತ, ಈ ಮೂರೂ ಒಟ್ಟಿಗೆ ಕೇಳಿದ್ರೆ ನಾನು ಮೊದಲು ಹೇಳೋದು ಇವತ್ತೇ ಕ್ಯಾಪ್ಸೂಲ್ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ ಅಂತ.

ಕಾರಣ ಹೇಳ್ತೀನಿ. ಅತಿಮಧುರಕ್ಕೆ ಆ ಸಿಹಿ ಕೊಡೋದು ಗ್ಲಿಸಿರೈಜಿನ್ ಅನ್ನೋ ವಸ್ತು. ನಮ್ಮ ಕಿಡ್ನಿಯಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನನ್ನ ಸುಮ್ಮನಾಗಿಸೋ ಒಂದು ಕಿಣ್ವ ಇದೆ. ಗ್ಲಿಸಿರೈಜಿನ್ ಕರುಳಲ್ಲಿ ಒಡೆದು ರಕ್ತಕ್ಕೆ ಸೇರಿದ ಮೇಲೆ ಆ ಕಿಣ್ವವನ್ನ ತಡೆಯತ್ತೆ. ಆಗ ಕಾರ್ಟಿಸಾಲ್ ಹೋಗಿ ಉಪ್ಪು ಹಿಡಿದಿಡೋ ಇನ್ನೊಂದು ಹಾರ್ಮೋನು ಆಲ್ಡೋಸ್ಟೆರಾನ್ ಮಾಡಬೇಕಾದ ಕೆಲಸ ಮಾಡೋಕೆ ಶುರು ಮಾಡತ್ತೆ. ಉಪ್ಪು, ನೀರು ಮೈಯಲ್ಲೇ ನಿಲ್ಲತ್ತೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗತ್ತೆ. ಬಿಪಿ ಏರತ್ತೆ, ಪಾದ ಊದತ್ತೆ, ಸುಸ್ತು, ಮೀನಖಂಡ ಹಿಡ್ಕೊಳ್ಳತ್ತೆ. ಪೊಟ್ಯಾಸಿಯಂ ತುಂಬಾ ಇಳಿದ್ರೆ ಹೃದಯದ ಬಡಿತವೇ ತಪ್ಪತ್ತೆ.

ಅಮ್ಮನ ಬಿಪಿ ಮಾತ್ರೆ ಹೆಸರಿನ ಕೊನೇಲಿ ಹೆಚ್ ಅಥವಾ ಸಿಟಿ ಅಂತ ಇದ್ಯಾ ನೋಡಿ. ಇದ್ರೆ ಸಾಮಾನ್ಯವಾಗಿ ಅದರೊಳಗೆ ನೀರು ಇಳಿಸೋ ಔಷಧಿನೂ ಸೇರಿರತ್ತೆ. ಅದೂ ಪೊಟ್ಯಾಸಿಯಂ ಕಳೆಯತ್ತೆ, ಇದೂ ಕಳೆಯತ್ತೆ. ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳೋರಂತೂ ಅತಿಮಧುರದ ಹತ್ತಿರ ಹೋಗಬಾರದು. ಬಿಪಿ ಮಾತ್ರೆ ಮಾತ್ರ ನಿಲ್ಲಿಸಬೇಡಿ, ನಿಲ್ಲಿಸಬೇಕಾದ್ದು ಕ್ಯಾಪ್ಸೂಲ್.

ದೇಸಿ ಮದ್ದು
ಇಂಗ್ಲಿಷ್ ಮದ್ದು ಮಾರೋರು ಆಯುರ್ವೇದದ ಬಗ್ಗೆ ಇನ್ನೇನು ಹೇಳ್ತಾರೆ. ಚರಕ ಸಂಹಿತೆಯಲ್ಲೇ ಇರೋ ಮೂಲಿಕೆ ಇದು. ಸಾವಿರಾರು ವರ್ಷ ತಿಂದಿದ್ದಾರೆ. ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ.

ರಾಜಾಜಿನಗರ ಮೆಡಿಕಲ್ಸ್
ಅತಿಮಧುರದ ಮಾತ್ರೆಯನ್ನೂ ನಾನೇ ಮಾರ್ತೀನಿ ಸ್ವಾಮಿ. ಮಾರೋದ್ರಿಂದಲೇ ಬಿಪಿ ಇದ್ಯಾ ಅಂತ ಕೇಳಿ ಕೊಡ್ತೀನಿ.

ವೈದ್ಯೆ, ಮಲ್ಲೇಶ್ವರ
ನಾನು ಬಿಎಎಂಎಸ್ ಓದಿ ಪ್ರಾಕ್ಟೀಸ್ ಮಾಡ್ತಿರೋಳು, ಅತಿಮಧುರ ನನ್ನ ಕೈಯಲ್ಲಿ ವಾರಕ್ಕೊಮ್ಮೆಯಾದ್ರೂ ಬರೆಯೋ ದ್ರವ್ಯ. ಹಾಗಾಗಿ ದೇಸಿ ಮದ್ದು ಅವರಿಗೆ ಗೌರವದಿಂದಲೇ ಹೇಳ್ತೀನಿ: ಚರಕ ಸಂಹಿತೆಯಲ್ಲಿ ಯಷ್ಟಿಮಧು ಶಕ್ತಿ ಕೊಡೋ ಜೀವನೀಯ ಗಣದಲ್ಲಿದೆ, ಗಂಟಲಿಗೆ ಹಿತವಾದ ಕಂಠ್ಯ ಗಣದಲ್ಲಿದೆ, ಎಲ್ಲಾ ನಿಜ. ಆದರೆ ಯಾವ ದ್ರವ್ಯವನ್ನೂ ರೋಗಿ ಯಾರು, ಪ್ರಮಾಣ ಎಷ್ಟು, ಎಷ್ಟು ಕಾಲ ಅಂತ ನೋಡದೆ ಕೊಡಿ ಅಂತ ನಮ್ಮ ಶಾಸ್ತ್ರ ಎಲ್ಲೂ ಹೇಳಿಲ್ಲ. ಸೈಡ್ ಎಫೆಕ್ಟ್ ಇಲ್ಲ ಅನ್ನೋದು ಜಾಹೀರಾತಿನ ಮಾತು, ಆಯುರ್ವೇದದ ಮಾತಲ್ಲ.

ಭಾರತದ ಆಯುರ್ವೇದ ಫಾರ್ಮಕೋಪಿಯಾ ಯಷ್ಟಿಮಧು ಚೂರ್ಣಕ್ಕೆ ಕೊಟ್ಟಿರೋ ಪ್ರಮಾಣ 2ರಿಂದ 4 ಗ್ರಾಂ. ಈಗ ಲೆಕ್ಕ ಹಾಕಿ. ಒಣಬೇರಲ್ಲಿ ಗ್ಲಿಸಿರೈಜಿನ್ ನೂರಕ್ಕೆ 4 ಭಾಗ ಅಂತ ಹಿಡಿದ್ರೂ 3 ಗ್ರಾಂ ಪುಡಿಯಲ್ಲಿ 120 ಮಿ.ಗ್ರಾಂ ಆಯ್ತು. ಯೂರೋಪಿನವರು ದಿನಾ ತಿನ್ನೋಕೆ ಹಾಕ್ಕೊಂಡಿರೋ ಮಿತಿ 100 ಮಿ.ಗ್ರಾಂ. ಅಂದ್ರೆ ನಮ್ಮ ಸಾಮಾನ್ಯ ಡೋಸೇ ಅದರ ಆಸುಪಾಸಲ್ಲಿದೆ. ಬಿಪಿ ಇಲ್ಲದವರಿಗೆ ಕೆಲವು ದಿನ ಕೊಟ್ಟು ನಿಲ್ಲಿಸಿದ್ರೆ ತೊಂದರೆ ಕಾಣಲ್ಲ. ಬಿಪಿ, ಕಿಡ್ನಿ ತೊಂದರೆ, ಹೃದಯದ ತೊಂದರೆ ಇದ್ರೆ ನಾನು ಬರೆಯೋದೇ ಇಲ್ಲ, ಬೇರೆ ದ್ರವ್ಯ ಬೇಕಾದಷ್ಟಿವೆ. ಎಕ್ಸ್‌ಟ್ರಾಕ್ಟ್ ಅಂದ್ರೆ ಸಾರ ಹಿಂಡಿ ಗಟ್ಟಿ ಮಾಡಿದ್ದು. 500 ಮಿ.ಗ್ರಾಂ ಪುಡಿಗೂ 500 ಮಿ.ಗ್ರಾಂ ಎಕ್ಸ್‌ಟ್ರಾಕ್ಟಿಗೂ ತುಂಬಾ ವ್ಯತ್ಯಾಸ. ಡಬ್ಬಿ ಹಿಂದಿನ ಸಣ್ಣ ಅಕ್ಷರ ಓದಿ ಇಲ್ಲಿ ಹಾಕಿ.

ಬನಶಂಕರಿ ಸೆಕೆಂಡ್ ಸ್ಟೇಜ್
ಅತ್ತೆಗೂ ಬಿಪಿ ಇದೆ ಡಾಕ್ಟ್ರೇ... ಪುಡಿ ಚಮಚದಲ್ಲಿ ತಗೋತಾರೆ, ತೂಕ ಯಾರು ನೋಡ್ತಾರೆ.

ವೈದ್ಯೆ, ಮಲ್ಲೇಶ್ವರ
ಸಣ್ಣ ಚಮಚ ತಲೆಮಟ್ಟ ತುಂಬಿದ್ರೆ 3 ಗ್ರಾಂ ಹತ್ತಿರ ಬರತ್ತೆ ಕಣಮ್ಮ. ಮನೇಲಿ ಬಿಪಿ ಮಿಷನ್ ಇದ್ರೆ ನಾಳೆ ಬೆಳಿಗ್ಗೆ, ಸಂಜೆ ನೋಡಿ ಬರ್ಕೊಳ್ಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಪುಡಿ ವಿಷಯ ಬಾಯ್ಬಿಟ್ಟು ಹೇಳಿ. ಮನೆಮದ್ದು ಅಂತ ಯಾರೂ ಹೇಳಲ್ಲ, ಡಾಕ್ಟರೂ ಕೇಳಲ್ಲ, ಅಲ್ಲೇ ಎಡವಟ್ಟಾಗೋದು.

ಕೋರಮಂಗಲ ಟೆಕ್ಕಿ
ಗುರು, ಡಿಜಿಎಲ್ ಅಂತ ಬರತ್ತಲ್ಲ, ಅಗಿದು ತಿನ್ನೋ ಮಾತ್ರೆ, ಅದೂ ಇದೇನಾ? ಅಮೆರಿಕದಿಂದ ಅಣ್ಣ ತಂದುಕೊಟ್ಟಿದ್ದ.

ಇಂದಿರಾನಗರ ಓದುಗ
ಬೇರು ಅದೇ, ಆದ್ರೆ ಗ್ಲಿಸಿರೈಜಿನ್ ತೆಗೆದುಹಾಕಿರ್ತಾರೆ. ಪೂರ್ತಿ ಅಲ್ಲ, ಬಹುಪಾಲು. ಸಾಮಾನ್ಯವಾಗಿ 380ರಿಂದ 400 ಮಿ.ಗ್ರಾಂ ಮಾತ್ರೆ, ಊಟಕ್ಕೆ ಸುಮಾರು 20 ನಿಮಿಷ ಮುಂಚೆ ಅಗಿದು ನುಂಗು ಅಂತ ಬರೆದಿರ್ತಾರೆ.

ಇದರ ಹಿಂದೆ ಒಳ್ಳೇ ಕತೆ ಇದೆ. 1946ರಲ್ಲಿ ನೆದರ್ಲೆಂಡ್ಸ್‌ನ ರೇವರ್ಸ್ ಅನ್ನೋ ವೈದ್ಯ ಹೊಟ್ಟೆ ಹುಣ್ಣಿಗೆ ಅತಿಮಧುರದ ಗಟ್ಟಿ ರಸ ಕೆಲಸ ಮಾಡತ್ತೆ ಅಂತ ಬರೆದ್ರು. ಅದೇ ಹೊತ್ತಲ್ಲಿ ಕೆಲವು ರೋಗಿಗಳಿಗೆ ಮುಖ, ಕಾಲು ಊದ್ಕೊಂಡಿದ್ದನ್ನೂ ಕಂಡ್ರು. ನೋಡಿ, ಜಯನಗರದ ಅಮ್ಮನಿಗೆ ಆಗಿರೋ ಊತ ಆಗಲೇ ವೈದ್ಯರ ಕಣ್ಣಿಗೆ ಬಿದ್ದಿತ್ತು. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅತಿಮಧುರದ ವಸ್ತುವಿನಿಂದಲೇ ಕಾರ್ಬೆನಾಕ್ಸಲೋನ್ ಅನ್ನೋ ಮಾತ್ರೆ ಮಾಡಿ ಹುಣ್ಣಿಗೆ ಕೊಟ್ರು. ಹುಣ್ಣು ಮಾಯ್ತಿತ್ತು, ಜೊತೆಗೆ ಬಿಪಿ ಏರ್ತಿತ್ತು, ಪೊಟ್ಯಾಸಿಯಂ ಇಳೀತಿತ್ತು. 1976ರಲ್ಲಿ ಸಿಮೆಟಿಡಿನ್ ಬಂದ ಮೇಲೆ ಅದರ ಕಾಲ ಮುಗೀತು. ಆ ತೊಂದರೆ ಕೊಡೋ ಭಾಗ ತೆಗೆದು ಉಳಿದಿದ್ದನ್ನ ಕೊಡೋಣ ಅನ್ನೋ ಯೋಚನೆಯೇ ಡಿಜಿಎಲ್.

ನಮ್ಮ ಬೆಂಗಳೂರಿನದೇ ಒಂದು ಕಂಪನಿ, ನ್ಯಾಚುರಲ್ ರೆಮಿಡೀಸ್, ಗಟ್‌ಗಾರ್ಡ್ ಅನ್ನೋ ಗ್ಲಿಸಿರೈಜಿನ್ ಕಡಿಮೆ ಮಾಡಿದ ಎಕ್ಸ್‌ಟ್ರಾಕ್ಟ್ ಮಾಡತ್ತೆ. ಅದರ ಮೇಲೆ 2012ರಲ್ಲಿ ಪ್ರಕಟವಾದ ಪ್ರಯೋಗ ಇದೆ: ಅಜೀರ್ಣದ 50 ಜನ, ಅರ್ಧ ಜನಕ್ಕೆ ಅಸಲಿ, ಅರ್ಧ ಜನಕ್ಕೆ ಹುಸಿ ಮಾತ್ರೆ, 75 ಮಿ.ಗ್ರಾಂ ದಿನಕ್ಕೆರಡು ಸಲ, 30 ದಿನ. ಅಸಲಿ ತಗೊಂಡೋರಿಗೆ ಉಬ್ಬರ, ನೋವು ಹೆಚ್ಚು ಇಳಿದಿತ್ತು.

ಸಹಕಾರನಗರ
50 ಜನ, 30 ದಿನ. ಇದರ ಮೇಲೆ "ಪ್ರೂವ್ ಆಗಿದೆ" ಅಂತ ಡಬ್ಬಿ ಮಾರ್ತಾರೆ. ಇಷ್ಟರಲ್ಲಿ ಗೊತ್ತಾಗೋದು ಉಬ್ಬರ, ಅಜೀರ್ಣಕ್ಕೆ ಸ್ವಲ್ಪ ದಿನ ಹಿತ ಕೊಡಬಹುದು ಅಂತ ಮಾತ್ರ. ಹುಣ್ಣು ವಾಸಿ ಮಾಡತ್ತೆ, ಜೀವನಪೂರ್ತಿ ತಿನ್ನಬಹುದು ಅಂತ ಎಲ್ಲಿ ಹೇಳಿದೆ?

ಇಂದಿರಾನಗರ ಓದುಗ
ಒಪ್ತೀನಿ. ವಾಸಿ ಅಂತ ನಾನೂ ಅಂದಿಲ್ಲ. ಆದ್ರೆ ಏನೂ ಆಧಾರ ಇಲ್ಲ ಅನ್ನೋದಕ್ಕಿಂತ ಇದು ಮೇಲು ಅಲ್ವಾ?

ಸಹಕಾರನಗರ
ಮೇಲು, ನಿಜ. ಬಿಪಿ ಬಗ್ಗೆ ಇರೋ ಆಧಾರ ಇದಕ್ಕಿಂತ ಗಟ್ಟಿ ಅನ್ನೋದನ್ನೂ ಹೇಳಿಬಿಡಿ. 2024ರಲ್ಲಿ ಸ್ವೀಡನ್ನಿನವರು 18ರಿಂದ 30 ವಯಸ್ಸಿನ 28 ಆರೋಗ್ಯವಂತರಿಗೆ ಎರಡು ವಾರ ದಿನಾ 100 ಮಿ.ಗ್ರಾಂ ಗ್ಲಿಸಿರೈಜಿನ್ ಇರೋ ಅತಿಮಧುರ ಕೊಟ್ಟು ನೋಡಿದ್ರು. ಮೇಲಿನ ಬಿಪಿ ಸರಾಸರಿ 3.1 ಏರ್ತು. ಕೆಲವರಿಗೆ ಇನ್ನೂ ಜಾಸ್ತಿ. ಮಿತಿ ಅಂತ ಹೇಳ್ತಿರೋ 100ರಲ್ಲೇ ಹೀಗೆ, ಅದೂ ಹುಡುಗ್ರಿಗೆ.

ಹುಬ್ಬಳ್ಳಿಯಾಂವ, ಈಗ ವಿಜಯನಗರ
ನೀವೆಲ್ಲಾ ಡಬ್ಬಿ ಡಬ್ಬಿ ಅಂತೀರಿ. ಮಾಮೂಲ್‌ಪೇಟೆಗೆ ಹೋಗಿ ಗ್ರಂಥಿಗೆ ಅಂಗಡ್ಯಾಗ ಬೇರನ್ನ ಕೇಳ್ರಿ, ಕಣ್ಣಿಗೆ ಕಾಣೂ ಹಂಗ ಕೊಡ್ತಾರ. ಹೊರಗ ಕಂದು ಸಿಪ್ಪಿ, ಒಳಗ ಹಳದಿ, ಎಳಿ ಎಳಿ ಇರ್ತದ. ಬಾಯಾಗ ಇಟ್ರ ಮೊದಲ ಸಪ್ಪಗ, ಆಮ್ಯಾಲ ಸಿಹಿ ಏರ್ತದ, ಭಾಳ ಹೊತ್ತು ಇಳಿಯಂಗಿಲ್ಲ. ಪುಡಿ ತಗೋಬ್ಯಾಡ್ರಿ, ಅದರಾಗ ಏನ ಬೆರಸ್ತಾರೋ ಯಾರಿಗ್ಗೊತ್ತು.

ಯಲಹಂಕ ಹಸಿರು
ಇವರು ಹೇಳಿದ್ದು ಸರಿ, ಪುಡಿಯಲ್ಲಿ ಕಲಬೆರಕೆ ಕಂಡುಹಿಡಿಯೋದು ಕಷ್ಟ. ಅತಿಮಧುರದ ಬದಲು ಗುಲಗಂಜಿ ಬೇರು ಸೇರಿಸೋದು ಹಳೇ ಚಾಳಿ, ಅದೂ ಸಿಹಿಯೇ. ಗುಲಗಂಜಿ ಬೀಜ ಎಂಥಾ ವಿಷ ಅಂತ ಎಲ್ರಿಗೂ ಗೊತ್ತು. ಅತಿಮಧುರ ನಮ್ಮ ಕಡೆ ಕಾಡಲ್ಲಿ ಬೆಳೆಯಲ್ಲ. ಮಾರುಕಟ್ಟೆಗೆ ಬರೋದು ಹೆಚ್ಚಾಗಿ ಇರಾನ್, ಅಫ್ಘಾನಿಸ್ತಾನ, ಮಧ್ಯ ಏಷ್ಯಾ ಕಡೆಯಿಂದ. "ಪಶ್ಚಿಮಘಟ್ಟದ ಅತಿಮಧುರ" ಅಂತ ಯಾರಾದ್ರೂ ಮಾರಿದ್ರೆ ಅಲ್ಲಿಂದ ಎದ್ದು ಬನ್ನಿ.

ಒಂದು ಮಾತು ಸೇರಿಸ್ತೀನಿ. ಹುಬ್ಬಳ್ಳಿಯವರ ಬೇರು ಶುದ್ಧವಾದಷ್ಟೂ ಗ್ಲಿಸಿರೈಜಿನ್ ಪೂರ್ತಿ ಇರತ್ತೆ. ಕಲಬೆರಕೆ ಇಲ್ಲ ಅಂದ ಮಾತ್ರಕ್ಕೆ ಬಿಪಿಯವರಿಗೆ ಸುರಕ್ಷಿತ ಆಗಲ್ಲ.

ಹುಬ್ಬಳ್ಳಿಯಾಂವ, ಈಗ ವಿಜಯನಗರ
ಅದು ಖರೇ ಅದರೀ. ಬಿಪಿ ಇದ್ದವ್ರಿಗೆ ಬ್ಯಾಡ ಅಂದ್ರ ಬ್ಯಾಡ.

ಗಾಂಧಿಬಜಾರ್ ಬೈಟು
ಎಲ್ಲಾ ಸರಿ, ಅಮ್ಮನ ಊಟದ ಟೈಮ್ ಯಾರೂ ಕೇಳಲೇ ಇಲ್ವಲ್ಲ! ಈ ಊರಲ್ಲಿ ಮಕ್ಕಳು ಆಫೀಸಿಂದ ಸಿಲ್ಕ್‌ಬೋರ್ಡ್ ದಾಟಿ ಮನೆ ಸೇರೋದು ಒಂಬತ್ತೂವರೆಗೆ, ತಾಯಂದಿರು ಕಾದು ಹತ್ತು ಗಂಟೆಗೆ ಊಟ ಮಾಡಿ ಹತ್ತೂವರೆಗೆ ಮಲಗ್ತಾರೆ. ಎದೆಯುರಿ ಬರದೆ ಇನ್ನೇನು. ಏಳೂವರೆಗೆ ಊಟ ಮಾಡಿಸಿ, ತಲೆ ಕಡೆ ಮಂಚದ ಕಾಲಿಗೆ ಮರದ ತುಂಡು ಕೊಡಿ. ಅರ್ಧ ಗ್ಯಾಸ್ಟ್ರಿಕ್ ಅಲ್ಲೇ ಹೋಗತ್ತೆ.

ಕೋರಮಂಗಲ ಟೆಕ್ಕಿ
ಕಾಫಿನೂ ಬಿಡಿಸ್ಬೇಕು.

ಗಾಂಧಿಬಜಾರ್ ಬೈಟು
ಕಾಫಿ ವಿಷಯಕ್ಕೆ ಬರಬೇಡಿ. ಖಾಲಿ ಹೊಟ್ಟೆಗೆ ಬೇಡ, ಸಂಜೆ ಆರರ ಮೇಲೆ ಬೇಡ, ಅಷ್ಟು ಸಾಕು. ಎಲ್ಲರಿಗೂ ಕಾಫಿಯಿಂದಲೇ ಉರಿ ಬರತ್ತೆ ಅಂತೇನಿಲ್ಲ. ಬೆಳಗ್ಗಿನ ಒಂದು ಲೋಟ ಕಿತ್ಕೊಂಡ್ರೆ ಆ ಜೀವಕ್ಕೆ ಇನ್ನೇನಿದೆ.

ಮಂಗಳೂರು ಟು ಮಾರತಹಳ್ಳಿ
ಓಮದ ನೀರು, ಜೀರಿಗೆ ಕಷಾಯ, ದೊಡ್ಡಪತ್ರೆ ತಂಬುಳಿ. ನಮ್ಮಲ್ಲಿ ಹೊಟ್ಟೆಗೆ ಇಷ್ಟೇ ಮಾರಾಯ್ರೆ. ಬಿಪಿ ಇರುವವರಿಗೆ ಮಜ್ಜಿಗೆಗೆ ಉಪ್ಪು ಹಾಕಬೇಡಿ, ಇಂಗು ಹಾಕಿ ಸಾಕು.

ದೇಸಿ ಮದ್ದು
ಹಾಗಾದ್ರೆ ಅಮ್ಮನಿಗೆ ಅವಿಪತ್ತಿಕರ ಚೂರ್ಣ ಕೊಡಿ. ಅದರಲ್ಲಿ ಯಷ್ಟಿಮಧು ಇಲ್ಲ, ಬಿಪಿ ಗಲಾಟೆನೂ ಇಲ್ಲ.

ವೈದ್ಯೆ, ಮಲ್ಲೇಶ್ವರ
ಯಷ್ಟಿಮಧು ಇಲ್ಲ ಅನ್ನೋದು ಸರಿ. ಆದರೆ ಅದರ ಮೂರನೇ ಒಂದು ಭಾಗ ತ್ರಿವೃತ್, ಭೇದಿ ಮಾಡಿಸೋ ಬೇರು. ಅರ್ಧದಷ್ಟು ಸಕ್ಕರೆ. ಅಮ್ಮನಿಗೆ ಈಗಾಗಲೇ ಪೊಟ್ಯಾಸಿಯಂ ಇಳಿದಿದ್ರೆ ಮೇಲೆ ಭೇದಿ ಆದ್ರೆ ಏನು ಗತಿ? ಸಕ್ಕರೆ ಕಾಯಿಲೆ ಇದ್ಯೋ ಇಲ್ವೋ ಅದೂ ಗೊತ್ತಿಲ್ಲ. ಕಾಣದ ರೋಗಿಗೆ ಹೀಗೆ ಚೂರ್ಣ ಹೇಳಬೇಡಿ ದಯವಿಟ್ಟು.

ಹೆಬ್ಬಾಳದ ನೈಟ್‌ಶಿಫ್ಟ್
ಇಷ್ಟೆಲ್ಲಾ ಯಾಕೆ, ಬೆಳಿಗ್ಗೆ ಒಂದು ಪ್ಯಾನ್ 40 (ಆಮ್ಲ ತಗ್ಗಿಸೋ ಪ್ಯಾಂಟೊಪ್ರಜೋಲ್ ಮಾತ್ರೆ) ಹಾಕ್ಕೊಂಡ್ರೆ ಮುಗೀತು. ನಾನು ವರ್ಷಗಳಿಂದ ಅದರ ಮೇಲೇ ಇದ್ದೀನಿ. ಆಫೀಸಲ್ಲಿ ಅರ್ಧ ಫ್ಲೋರ್ ಅದನ್ನೇ ನುಂಗತ್ತೆ.

ರಾಜಾಜಿನಗರ ಮೆಡಿಕಲ್ಸ್
ಅದಕ್ಕೂ ಹೇಳ್ತೀನಿ ಕೇಳಿ. ಡಾಕ್ಟರ್ ಇಷ್ಟು ವಾರ ಅಂತ ಬರೆದಿರ್ತಾರೆ, ಜನ ಅದೇ ಚೀಟಿ ಇಟ್ಕೊಂಡು ವರ್ಷಗಟ್ಟಲೆ ತಗೋತಾರೆ. ದೀರ್ಘಕಾಲಕ್ಕೆ ಬಿ12, ಮೆಗ್ನೀಸಿಯಂ ಇಳಿಯಬಹುದು. ಥಟ್ಟಂತ ಬಿಟ್ರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕತ್ತೆ, "ನೋಡಿ ಬಿಟ್ಟಿದ್ದಕ್ಕೇ ಹೀಗಾಯ್ತು" ಅಂತ ಮತ್ತೆ ಶುರು ಮಾಡ್ತಾರೆ. ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸ್ಬೇಕು. ಕೆಲವರಿಗೆ ದಿನಾ ಬೇಕೇ ಬೇಕು, ಅಂಥೋರು ಭಯಪಟ್ಟು ಬಿಡಬಾರದು.

ಸಹಕಾರನಗರ
ಜೊತೆಗೆ, ಯಾಕೆ ಗ್ಯಾಸ್ಟ್ರಿಕ್ ಬರ್ತಿದೆ ಅಂತ ಯಾರಾದ್ರೂ ನೋಡಿದ್ರಾ? ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಹೊಟ್ಟೆ ಹುಣ್ಣಿಗೆ ದೊಡ್ಡ ಕಾರಣ ಅಂತ ತೋರಿಸಿದ್ದಕ್ಕೇ ಮಾರ್ಷಲ್, ವಾರೆನ್ ಇಬ್ಬರಿಗೆ 2005ರಲ್ಲಿ ನೊಬೆಲ್ ಬಂತು. ಉಸಿರಿನ ಪರೀಕ್ಷೆ, ಮಲದ ಪರೀಕ್ಷೆ ಬೆಂಗಳೂರಲ್ಲಿ ಸುಲಭವಾಗಿ ಸಿಗತ್ತೆ. ಪ್ಯಾಂಟೊಪ್ರಜೋಲ್ ತರದ ಮಾತ್ರೆ ಎರಡು ವಾರ ಮುಂಚೆ ನಿಲ್ಲಿಸಿರಬೇಕು, ಇಲ್ಲದಿದ್ರೆ ಇದ್ರೂ ಇಲ್ಲ ಅಂತ ಬರಬಹುದು. ಮಂಡಿನೋವಿಗೆ ನೋವಿನ ಮಾತ್ರೆ ನುಂಗ್ತಿದ್ರೆ ಅದೂ ಹುಣ್ಣು ಮಾಡತ್ತೆ.

ನರ್ಸ್ ಅಕ್ಕ, ಬಸವೇಶ್ವರನಗರ
ಯಾರೂ ಹೇಳದೇ ಇರೋದನ್ನ ಹೇಳ್ತೀನಿ. ಎದೆಯುರಿ ಅಂತ ಬಂದವರಲ್ಲಿ ಹಾರ್ಟ್ ಅಟ್ಯಾಕ್ ಇದ್ದಿದ್ದನ್ನ ಕಣ್ಣಾರೆ ನೋಡಿದ್ದೀನಿ. ಸೋಡಾ, ಜೀರಿಗೆ ನೀರು ಕೊಟ್ಟು ರಾತ್ರಿಯೆಲ್ಲಾ ಕಾದು ಬೆಳಿಗ್ಗೆ ಕರ್ಕೊಂಡ್ಬಂದಿರ್ತಾರೆ. ಬಿಪಿ ಇರೋರಿಗೆ, ಸಕ್ಕರೆ ಇರೋರಿಗೆ ಎದೆ ಹಿಡಿದ ಹಾಗೆ ಆಗಿ ಬೆವರು ಕಿತ್ಕೊಂಡ್ ಬಂದ್ರೆ, ನೋವು ದವಡೆಗೋ ಎಡಗೈಗೋ ಹೋದ್ರೆ, ನಡೆದಾಗ ಜಾಸ್ತಿಯಾಗಿ ಕೂತಾಗ ಇಳಿದ್ರೆ, ಗ್ಯಾಸ್ ಅಂತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಮಲ ಟಾರಿನ ಹಾಗೆ ಕಪ್ಪಗೆ ಬಂದ್ರೆ, ಅನ್ನ ಗಂಟಲಲ್ಲಿ ಸಿಕ್ಕಿಹಾಕ್ಕೊಳ್ತಿದ್ರೆ, ಕಾರಣ ಇಲ್ಲದೆ ತೂಕ ಇಳೀತಿದ್ರೆ ಎಂಡೋಸ್ಕೋಪಿ ಬೇಕು. ಅತಿಮಧುರನೂ ಬೇಡ, ಪ್ಯಾನ್ 40 ಹಾಕ್ಕೊಂಡು ಮುಚ್ಚಿಡೋದೂ ಬೇಡ.

ಜಯನಗರದ ಮಗಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಬ್ಬಿ ಹಿಂದೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. "ಗ್ಲಿಸಿರೈಜಿನ್ 20%ಗೆ ಪ್ರಮಾಣೀಕರಿಸಿದ್ದು" ಅಂತಿದೆ. ಅಂದ್ರೆ ಒಂದು ಕ್ಯಾಪ್ಸೂಲಿಗೆ 100, ದಿನಕ್ಕೆ 200 ಮಿ.ಗ್ರಾಂ! ಬಿಪಿ ಮಾತ್ರೆ ಹೆಸರಿನ ಕೊನೇಲಿ ಹೆಚ್ ಕೂಡ ಇದೆ. ಕ್ಯಾಪ್ಸೂಲ್ ಆಗಲೇ ನಿಲ್ಲಿಸಿದ್ವಿ. ಡಾಕ್ಟರ್ ಇವತ್ತೇ ರಕ್ತದಲ್ಲಿ ಎಲೆಕ್ಟ್ರೋಲೈಟ್ಸ್ ನೋಡಿಸಿ ಅಂದ್ರು. ಪೊಟ್ಯಾಸಿಯಂ 3.2 ಬಂದಿದೆ, ಕಡಿಮೆ ಅಂತೆ. ಇಸಿಜಿ ಸರಿ ಇದೆ. ಪೊಟ್ಯಾಸಿಯಂ ಸಿರಪ್ ಬರೆದುಕೊಟ್ಟು ಮತ್ತೆ ಬರೋಕೆ ಹೇಳಿದ್ದಾರೆ. ಅಮ್ಮನಿಗೆ ಮಾತ್ರ ಬೇಜಾರು, ಹೊಟ್ಟೆ ಹಗುರ ಆಗಿದ್ದು ನಿಜ ಅಲ್ವಾ ಅಂತಾರೆ.

ವೈದ್ಯೆ, ಮಲ್ಲೇಶ್ವರ
ನಿಜವೇ, ಅವರ ಅನುಭವವನ್ನ ತಳ್ಳಿಹಾಕಬೇಡಿ. ಹೊಟ್ಟೆಗೆ ಹಿತ ಆಗಿದ್ದೂ ನಿಜ, ಕಿಡ್ನಿಯ ಕಿಣ್ವ ತಡೆದು ಪೊಟ್ಯಾಸಿಯಂ ಇಳಿಸಿದ್ದೂ ನಿಜ. ಇನ್ನೊಂದು ಗಮನಿಸಿ. ಬಿಟ್ಟ ತಕ್ಷಣ ಇದರ ಪರಿಣಾಮ ಹೋಗಲ್ಲ, ಕಿಣ್ವ ಮೊದಲಿನ ಹಾಗೆ ಆಗೋಕೆ ಒಂದೆರಡು ವಾರ ಅಥವಾ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು. ಅಲ್ಲೀತನಕ ಬಿಪಿ ನೋಡ್ತಾ ಇರಿ, ಮರುಪರೀಕ್ಷೆ ತಪ್ಪಿಸಬೇಡಿ. ಆಮೇಲೂ ಬೇಕೇ ಬೇಕು ಅಂದ್ರೆ ಡಿಜಿಎಲ್ ಬಗ್ಗೆ ಅವರ ಡಾಕ್ಟರನ್ನೇ ಕೇಳಿ, ನೀವೇ ತರಿಸಬೇಡಿ.

ಎಚ್‌ಎಸ್‌ಆರ್ ಲೇಔಟ್
ಆ ಡಬ್ಬಿ ಮೇಲೆ ಬಿಪಿಯವರಿಗೆ ಎಚ್ಚರಿಕೆ ಏನಾದ್ರೂ ಇತ್ತಾ?

ಜಯನಗರದ ಮಗಳು
ಇಲ್ಲ. "100% ನೈಸರ್ಗಿಕ" ಅಂತ ಮೂರು ಕಡೆ ಇದೆ. ಹಿಂದೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರು, "ಔಷಧೀಯ ಬಳಕೆಗೆ ಅಲ್ಲ" ಅಂತ ಒಂದು ಸಾಲು.

ರಾಜಾಜಿನಗರ ಮೆಡಿಕಲ್ಸ್
ಅದು ಆಹಾರ ಪೂರಕ ಅಂತ ಮಾರೋದು, ಔಷಧಿ ಲೈಸೆನ್ಸಲ್ಲಲ್ಲ. ಕೊಳ್ಳೋರಿಗೆ ಈ ವ್ಯತ್ಯಾಸ ಕಾಣೋದೇ ಇಲ್ಲ. ಗ್ಲಿಸಿರೈಜಿನ್ 20% ಅಂತ ಗುಣವಾಗಿ ಬರೆಯೋಕೆ ಜಾಗ ಇದೆ, ಬಿಪಿ ಇರೋರು ಕೇಳಿ ತಗೊಳ್ಳಿ ಅಂತ ಬರೆಯೋಕೆ ಜಾಗ ಇಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸೋ ವಿಷಯ.

ಎಚ್‌ಎಸ್‌ಆರ್ ಲೇಔಟ್
ನಾನು ಐದು ತಿಂಗಳ ಬಸುರಿ, ರಾತ್ರಿ ಎದೆಯುರಿ ತಡೆಯೋಕಾಗಲ್ಲ, ಇದನ್ನೇ ಕಾರ್ಟಿಗೆ ಹಾಕಿದ್ದೆ. ಬೇಡ ಅಲ್ವಾ?

ನರ್ಸ್ ಅಕ್ಕ, ಬಸವೇಶ್ವರನಗರ
ಬೇಡಮ್ಮ, ತೆಗೆದುಬಿಡು. ಫಿನ್ಲೆಂಡಿನಲ್ಲಿ ಬಸುರಲ್ಲಿ ಅತಿಮಧುರದ ಮಿಠಾಯಿ ಜಾಸ್ತಿ ತಿಂದ ತಾಯಂದಿರ ಮಕ್ಕಳನ್ನ ಸುಮಾರು 12 ವರ್ಷ ಆಗೋ ತನಕ ನೋಡಿದ್ದಾರೆ. ಬುದ್ಧಿ ಪರೀಕ್ಷೆಯಲ್ಲಿ ಆ ಮಕ್ಕಳು ಸ್ವಲ್ಪ ಹಿಂದೆ ಬಿದ್ದಿದ್ರು. ಮಿಠಾಯಿಯೊಂದೇ ಕಾರಣ ಅಂತ ಹೇಳೋಕಾಗಲ್ಲ, ಆದ್ರೆ ಬಸುರಲ್ಲಿ ಪರೀಕ್ಷೆ ಮಾಡಿ ನೋಡೋ ವಸ್ತು ಅಲ್ಲ ಇದು. ಸ್ವಲ್ಪ ಸ್ವಲ್ಪ ಊಟ, ಎಡಮಗ್ಗುಲಲ್ಲಿ ಮಲಗು. ಬಸುರಲ್ಲಿ ಕೊಡೋ ಆಂಟಾಸಿಡ್ ಇದೆ, ನಿನ್ನ ಡಾಕ್ಟರನ್ನ ಕೇಳು.

ಚಾಮರಾಜಪೇಟೆ ಶ್ರುತಿ
ಒಂದು ಪ್ರಶ್ನೆ ಡಾಕ್ಟ್ರೇ. ನಾನು ಹಾಡ್ತೀನಿ, ಪಾಠನೂ ಹೇಳ್ತೀನಿ. ಕಛೇರಿಗೆ ಮುಂಚೆ ಒಂದು ಚೂರು ಅತಿಮಧುರ ಬಾಯಲ್ಲಿಟ್ಕೊಳ್ಳೋದು ನಮ್ಮ ಗುರುಗಳ ಕಾಲದಿಂದ ಬಂದಿದ್ದು. ಬಿಪಿ ಇಲ್ಲ. ಇದನ್ನೂ ಬಿಡಬೇಕಾ?

ವೈದ್ಯೆ, ಮಲ್ಲೇಶ್ವರ
ಕಛೇರಿ ದಿನ ಸಣ್ಣ ಚೂರಿಗೆ ಬಿಡಬೇಕಿಲ್ಲ. ಆದರೆ ರಾಮನವಮಿ ಸಮಯದಲ್ಲಿ ಒಂದರ ಹಿಂದೆ ಒಂದು ಕಛೇರಿ ಇದ್ದು, ಜೊತೆಗೆ ದಿನಾ ಪಾಠಕ್ಕೂ ಚೀಪ್ತಾ ಇದ್ರೆ ರಸ ಎಲ್ಲಾ ಹೊಟ್ಟೆಗೇ ಹೋಗೋದು, ಅದೂ ಲೆಕ್ಕಕ್ಕೆ ಬರತ್ತೆ. ಪಾಠದ ದಿನಗಳಲ್ಲಿ ಬಿಸಿನೀರಿಗೆ ಕಲ್ಲುಸಕ್ಕರೆ ಸಾಕು. ಕೆಮ್ಮಿನ ಸಿರಪ್, ಗಂಟಲಿನ ಮಾತ್ರೆ, ಬೀಡಾ, ಇವುಗಳಲ್ಲೂ ಅತಿಮಧುರ ಇರಬಹುದು, ಒಟ್ಟಿಗೆ ತಗೊಳ್ಳುವಾಗ ನೋಡ್ಕೊಳ್ಳಿ. ವಯಸ್ಸೆಷ್ಟು ನಿಮಗೆ?

ಚಾಮರಾಜಪೇಟೆ ಶ್ರುತಿ
48. ಬಿಪಿ ಕೊನೇ ಸಲ ನೋಡಿಸಿದ್ದು ಯಾವಾಗ ಅಂತ ನೆನಪಿಲ್ಲ.

ವೈದ್ಯೆ, ಮಲ್ಲೇಶ್ವರ
ಹಾಗಾದ್ರೆ "ಬಿಪಿ ಇಲ್ಲ" ಅನ್ನೋದು ಇನ್ನೂ ಗೊತ್ತಿಲ್ಲ ಅಂತ. ಈ ವಾರ ನೋಡಿಸಿ, ಅಲ್ಲೀತನಕ ಚೂರು ಡಬ್ಬಿಯಲ್ಲೇ ಇರಲಿ.